ಫ್ಯಾಟ್ ಬೈಕ್: ನಿರ್ಮಾಣ ಮತ್ತು ಮಾರ್ಪಾಡಿನ ಇತಿಹಾಸ

ಹಿಮ, ಮರಳಿನಂಥ ಸಡಿಲ ನೆಲದಲ್ಲಿ ಹೂತುಹೋಗದೆ ಸಾಗಲೆಂದು ಸುಮಾರು 3.7 ಇಂಚು ಅಥವಾ ಅದಕ್ಕೂ ಅಗಲವಾದ ಟೈರು ಹಾಕಿದ ಸೈಕಲ್ಲೇ ಫ್ಯಾಟ್ ಬೈಕ್. ಅಮೆರಿಕದ ಸರ್ಲಿ ಕಂಪನಿಯ ‘ಪಗ್ಸ್‌ಲಿ’ ಮಾರುಕಟ್ಟೆಗೆ ಬಂದ 2005ನ್ನೇ ಇದರ ಆರಂಭವೆಂದು ಹೇಳುವ ಬರಹಗಳು ಬಹಳ. ಅಂಗಡಿಗೆ ಬಂದ ವರ್ಷ ಅದು, ಹುಟ್ಟಿದ ವರ್ಷವಲ್ಲ. ಇದನ್ನು ಬರೀ ಟೈರಿನ ಕಥೆಯಾಗಿ ಹೇಳುವುದು ಇನ್ನೊಂದು ಗೊಂದಲ. ಟೈರು ದಪ್ಪವಾದಂತೆಲ್ಲ ಅದಕ್ಕೆ ಎಡೆ ಮಾಡಿಕೊಡಬೇಕಾದದ್ದು ಫ್ರೇಮು, ಫೋರ್ಕು, ಹಬ್ ಮತ್ತು ಚೈನು. ಕಟ್ಟುವವರ ನಿಜವಾದ ಗುದ್ದಾಟ ನಡೆದದ್ದು ಅಲ್ಲಿ.

ಇದರ ಹಿಂದಿನ ಲೆಕ್ಕ ಸರಳ. ಸೈಕಲ್ಲು, ಸವಾರ, ಸಾಮಾನು ಸೇರಿ 100 ಕಿಲೊ ಎಂದಿಟ್ಟುಕೊಂಡರೆ, 30 ಪಿಎಸ್ಐ ಗಾಳಿ ತುಂಬಿದ ಎರಡು ಟೈರುಗಳು ನೆಲವನ್ನು ಮುಟ್ಟುವುದು ಒಟ್ಟು ಸುಮಾರು 47 ಚದರ ಸೆಂಟಿಮೀಟರಿನಲ್ಲಿ. ಗಾಳಿಯನ್ನು 6 ಪಿಎಸ್ಐಗೆ ಇಳಿಸಿದರೆ ಅದು ಐದು ಪಟ್ಟಾಗುತ್ತದೆ. ಆದರೆ ತೆಳು ಟೈರಿನಲ್ಲಿ ಅಷ್ಟು ಕಡಿಮೆ ಗಾಳಿಯಿದ್ದರೆ ರಿಮ್ಮೇ ನೆಲಕ್ಕೆ ಬಡಿಯುತ್ತದೆ. ಟೈರಿನ ಗಾತ್ರ, ರಿಮ್ಮಿನ ಅಗಲ ಎರಡೂ ಹೆಚ್ಚಬೇಕಾದದ್ದು ಈ ಕಾರಣಕ್ಕೆ.

1933ರಲ್ಲಿ ಶ್ವಿನ್ ತಂದ 2.125 ಇಂಚಿನ ಬಲೂನ್ ಟೈರನ್ನು ಈ ವಂಶದ ಮೂಲಪುರುಷನೆಂದು ಕರೆಯುವುದುಂಟು. ಅದು ರಸ್ತೆಯ ಸೈಕಲ್ಲಿನದು, ನಂಟು ದೂರದ್ದು. ಫ್ರಾನ್ಸಿನ ಜಾನ್ ನೋ 1980ರಲ್ಲಿ ಮಿಶೆಲಿನ್ ಟೈರುಗಳೊಂದಿಗೆ ಸಹಾರಾದಲ್ಲಿ, ನೈಜರಿನ ಜಿಂದರಿನಿಂದ ಅಲ್ಜೀರಿಯಾದ ತಮನ್‌ರಾಸೆಟ್ ಕಡೆಗೆ ನಡೆಸಿದ ಪಯಣ ಹೆಚ್ಚು ಹತ್ತಿರದ್ದು, ಆದರೂ ಅದರಿಂದ ಮುಂದೆ ಕವಲು ಒಡೆಯಲಿಲ್ಲ.

ಕವಲು ಒಡೆದದ್ದು ಅಲಾಸ್ಕಾದಲ್ಲಿ. ನಾಯಿಬಂಡಿಗಳ ಇಡಿಟರಾಡ್ ಹಾದಿಯಲ್ಲಿ 1987ರಲ್ಲಿ ‘ಇಡಿಟಬೈಕ್’ ಸೈಕಲ್ ಪಂದ್ಯ ಶುರುವಾಯಿತು. ಮೌಂಟನ್ ಬೈಕ್ ತಂದವರು ಮೆತ್ತನೆಯ ಹಿಮದಲ್ಲಿ ಬಹುದೂರ ಸೈಕಲ್ಲನ್ನು ತಳ್ಳಿಕೊಂಡೇ ನಡೆಯಬೇಕಾಯಿತು. ಅಗಲದ ರಿಮ್ಮು ಎಲ್ಲೂ ಸಿಗದ ಕಾಲ ಅದು. ಫೇರ್‌ಬ್ಯಾಂಕ್ಸ್‌ನ ಸೈಮನ್ ರಾಕೋವರ್ ಎರಡು ರಿಮ್ಮುಗಳನ್ನು ಪಕ್ಕಪಕ್ಕದಲ್ಲಿ ಬೆಸುಗೆ ಹಾಕಿ ಒಂದು ಮಾಡಿದರು. ಆಂಕರೇಜ್‌ನ ಸ್ಟೀವ್ ಬೇಕರ್ ಮತ್ತು ಜೊತೆಗಾರರು ಒಂದೇ ಚಕ್ರಕ್ಕೆ ಒಂದಕ್ಕಿಂತ ಹೆಚ್ಚು ಟೈರು ಕೂರಿಸಿಯೂ ನೋಡಿದರು. ಕೈಬೆಸುಗೆಯ ರಿಮ್ಮು ಭಾರ, ನೇರ ಕೂರಿಸುವುದೂ ಕಷ್ಟ. ಮುಂದೆ ರಾಕೋವರ್ 44 ಮಿ.ಮೀ. ಅಗಲದ ‘ಸ್ನೋಕ್ಯಾಟ್’ ರಿಮ್ಮನ್ನು ಮಾರಾಟಕ್ಕೇ ತಂದರು. ಇದ್ದ ಫ್ರೇಮಿನಲ್ಲಿ, ಇದ್ದ ಟೈರನ್ನೇ ಹರಡಿ ಕೂರಿಸುವುದು ಅದರ ಉಪಾಯ. ಈ ಸೈಕಲ್ಲಿನ ಇತಿಹಾಸದಲ್ಲಿ ಮಾರ್ಪಾಡಿನ ಬಿಡಿಭಾಗ ಮೊದಲು ಬಂತು, ಪೂರ್ತಿ ಸೈಕಲ್ಲು ಆಮೇಲೆ.

ಅದೇ ಹೊತ್ತಿಗೆ ದಕ್ಷಿಣದಲ್ಲಿ, ನ್ಯೂ ಮೆಕ್ಸಿಕೊದ ರೇ ಮೊಲಿನಾ ಹಿಮಕ್ಕಲ್ಲ, ಮರಳುದಿಬ್ಬ, ಒಣಹಳ್ಳಗಳ ಸವಾರಿಗಾಗಿ 3.5 ಇಂಚಿನ ಟೈರು ಮತ್ತು 80 ಮಿ.ಮೀ. ರಿಮ್ಮು ಮಾಡಿಸಿದ್ದರು. 1999ರಲ್ಲಿ ಲಾಸ್ ವೇಗಸ್‌ನ ಇಂಟರ್‌ಬೈಕ್ ಮೇಳದಲ್ಲಿ ಅವು ಅಲಾಸ್ಕಾದ ಫ್ರೇಮು ಕಟ್ಟುವ ಮಾರ್ಕ್ ಗ್ರೋನ್‌ವಾಲ್ಡ್ ಕಣ್ಣಿಗೆ ಬಿದ್ದವು. ಅವರ ‘ವೈಲ್ಡ್‌ಫೈರ್’ ಫ್ರೇಮುಗಳು ಹುಟ್ಟಿದ್ದು ಹೀಗೆ. ಮೊದಲಿಗ ಯಾರು ಎಂಬ ಜಗಳ ಇಂದಿಗೂ ಹಿಮದವರ ಮತ್ತು ಮರಳಿನವರ ನಡುವೆ ನಡೆದಿದೆ. ರಿಮ್ಮನ್ನು ಮುಖ್ಯವೆಂದು ಹಿಡಿದರೆ ಅಲಾಸ್ಕಾ, ದೊಡ್ಡ ಟೈರನ್ನು ಹಿಡಿದರೆ ಮೊಲಿನಾ. ಇವೆರಡೂ ಒಂದಾದ ಆ ಮೇಳವನ್ನೇ ತಿರುವು ಎನ್ನುವುದು ಹೆಚ್ಚು ಸರಿ.

ಪಗ್ಸ್‌ಲಿಯ ಬಗ್ಗೆ ಎಲ್ಲರೂ ಬರೆದಿದ್ದಾರೆ: 3.7 ಇಂಚಿನ ‘ಎಂಡೊಮಾರ್ಫ್’ ಟೈರು, 65 ಮಿ.ಮೀ. ‘ಲಾರ್ಜ್ ಮಾರ್ಜ್’ ರಿಮ್ಮು. ಗಮನಿಸಬೇಕಾದದ್ದು ಅದರ ಹಬ್. ಎಲ್ಲೆಡೆ ಸಿಗುವ 135 ಮಿ.ಮೀ. ಹಿಂಬದಿ ಹಬ್ಬನ್ನೇ ಇಟ್ಟುಕೊಂಡು, ಫ್ರೇಮಿನ ಹಿಂಭಾಗವನ್ನು 17.5 ಮಿ.ಮೀ. ಬಲಕ್ಕೆ ಸರಿಸಲಾಗಿತ್ತು, ಚೈನು ಟೈರಿಗೆ ಉಜ್ಜದಿರಲೆಂದು. ಮುಂಚಕ್ರಕ್ಕೂ ಅದೇ ಅಳತೆ. ಹಿಂದಿನ ಹಬ್ ಹಿಮಗಟ್ಟಿ ಕೈಕೊಟ್ಟರೆ, ಮುಂಚಕ್ರಕ್ಕೆ ಮೊದಲೇ ಹಲ್ಲುಗಾಲಿ ಹಾಕಿಟ್ಟವರು ಚಕ್ರಗಳನ್ನು ಅದಲುಬದಲು ಮಾಡಿಕೊಂಡು ಮನೆ ಸೇರಬಹುದಿತ್ತು.

ಸೊಟ್ಟಗೆ ಹೆಣೆದ ಚಕ್ರ ಎಲ್ಲರಿಗೂ ಒಗ್ಗಲಿಲ್ಲ. ಆಂಕರೇಜ್‌ನ ಫ್ಯಾಟ್‌ಬ್ಯಾಕ್ ಕಂಪನಿ, ಬಳಿಕ 2010ರಲ್ಲಿ ಸಾಲ್ಸಾ ಕಂಪನಿಯ ‘ಮಕ್‌ಲಕ್’ ಹಬ್ಬನ್ನೇ ಹಿಗ್ಗಿಸಿ (ಮಕ್‌ಲಕ್‌ನಲ್ಲಿ 170 ಮಿ.ಮೀ.ಗೆ) ಚಕ್ರವನ್ನು ನಡುವಿಗೆ ತಂದವು. 2011ರ ಸರ್ಲಿ ‘ಮೂನ್‌ಲ್ಯಾಂಡರ್’ ಸುಮಾರು 4.7 ಇಂಚಿನ ಟೈರಿಗೆ ಹೋಯಿತು. ಅಂಥ ಟೈರುಗಳಿಗಾಗಿ 190, 197 ಮಿ.ಮೀ. ಹಬ್‌ಗಳು ಬಂದವು. ಪೆಡಲುಗಳ ಅಚ್ಚು ಕೂರುವ ಬಾಟಮ್ ಬ್ರಾಕೆಟ್ ಸಾಮಾನ್ಯ ಮೌಂಟನ್ ಬೈಕಿನ 73ರಿಂದ 100 ಮಿ.ಮೀ.ಗೆ ಅಗಲಿತು, ಕಾಲುಗಳೂ ಅಷ್ಟೇ ಅಗಲಿದವು. ಮೊಣಕಾಲಿನ ದೂರು ಅಲ್ಲಿಂದ ಶುರು.

ಅಳತೆಗಳು ಹೀಗೆ ಬದಲಾಗುತ್ತ ಹೋದದ್ದರ ಬೆಲೆ ತೆತ್ತವರು ಹಳೆಯ ಸೈಕಲ್ಲಿನ ಮಾಲೀಕರು. 2014ರಲ್ಲಿ ರಾಕ್‌ಶಾಕ್ಸ್ ‘ಬ್ಲೂಟೊ’ ಸಸ್ಪೆನ್ಷನ್ ಫೋರ್ಕು ತಂದಾಗ ಅದಕ್ಕೆ 150 ಮಿ.ಮೀ. ಅಗಲದ, ದಪ್ಪ ಅಚ್ಚಿನ ಹಬ್ ಬೇಕಿತ್ತು. 135ರ ಮುಂಚಕ್ರವಿದ್ದವರು ಫೋರ್ಕಿನ ಜೊತೆ ಹೊಸ ಹಬ್ಬಿಗೆ ಚಕ್ರವನ್ನೂ ಮತ್ತೆ ಹೆಣೆಸಬೇಕಾಯಿತು. ಅಷ್ಟು ಖರ್ಚಿಲ್ಲದ ಸುಧಾರಣೆ ಎಂದರೆ ಟ್ಯೂಬು ತೆಗೆದು ಸೀಲೆಂಟ್ ಸುರಿಯುವುದು. ಹೊರ ಅಂಚಿನಲ್ಲಿ ಕಡಿಮೆಯಾಗುವ ಭಾರ ಪ್ರತಿ ತುಳಿತದಲ್ಲೂ ಗೊತ್ತಾಗುತ್ತದೆ. ಇದೇ ಉದ್ದೇಶಕ್ಕೆ ರಿಮ್ಮುಗಳಲ್ಲಿ ಸಾಲಾಗಿ ತೂತು ಕೊರೆದು, ಒಳಗಿನಿಂದ ಪಟ್ಟಿ ಹಾಕುವ ರೂಢಿ ಬಂತು. ಪಟ್ಟಿಯ ಬಣ್ಣ ಹೊರಗೆ ಕಾಣುವುದು ಆಮೇಲೆ ಷೋಕಿಯಾಯಿತು.

2015ರ ಸುಮಾರಿಗೆ ಟ್ರೆಕ್ 27.5 ಇಂಚಿನ ಚಕ್ರವನ್ನೂ ತಂದು ಅಳತೆಗಳ ಪಟ್ಟಿಯನ್ನು ಇನ್ನಷ್ಟು ಉದ್ದ ಮಾಡಿತು. ಹೀಗಾಗಿ ಹಳೆಯ ಫ್ರೇಮು ಕೊಳ್ಳುವವರು ಬಣ್ಣ, ಬ್ರ್ಯಾಂಡಿಗಿಂತ ಮೊದಲು ಅಳೆಯಬೇಕಾದದ್ದು ಹಿಂದಿನ ಹಬ್ಬಿನ ಎಡೆಯನ್ನು: 135, 170, 177, 190 ಅಥವಾ 197. ಯಾವ ಟೈರು, ಯಾವ ಚಕ್ರ, ಯಾವ ಗೇರು ಹಿಡಿಸೀತು ಎಂಬುದು ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ.