ಹಳೆಯ ಧಾನ್ಯವೋ, ಹಸಿ ಧಾನ್ಯವೋ? ಹಂದಿ ಆಹಾರದ ವಿಷದ ಮೂಲ ಕುರಿತು ಒಂದು ಮರುಪರಿಶೀಲನೆ

ಬಹುಕಾಲ ದಾಸ್ತಾನಿನಲ್ಲಿದ್ದ ಧಾನ್ಯವನ್ನು ಹಂದಿಗೆ ಹಾಕುವಾಗ ಹುಷಾರಾಗಿರಬೇಕೆಂಬ ಮಾತು ಪಶು ಆಹಾರದ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇದಕ್ಕೆ ಆಧಾರವಾಗಿರುವ ಹಳೆಯ ವರದಿಗಳಲ್ಲಿ ಎರಡು 1928ರವು. ಅಮೆರಿಕದ ಅಯೋವಾದಲ್ಲಿ ಮ್ಯಾಕ್‌ನಟ್ ಮತ್ತು ಸಂಗಡಿಗರು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದ ಹೆಣ್ಣು ಹಂದಿಗಳ ಜನನಾಂಗ ಊದಿಕೊಳ್ಳುವುದನ್ನು ವರ್ಣಿಸಿದರು. ಡೆನ್ಮಾರ್ಕಿನಲ್ಲಿ ಲಾರ್ಸೆನ್ ಬೂಷ್ಟು ಹಿಡಿದ ರೈ ತಿಂದ ಹಂದಿಗಳ ಮೂತ್ರಪಿಂಡದ ರೋಗವನ್ನು ದಾಖಲಿಸಿದರು. ಮೊದಲನೆಯದಕ್ಕೆ ಫ್ಯುಸೇರಿಯಂ ಶಿಲೀಂಧ್ರದ ಜಿಯರಾಲೆನೋನ್ ಕಾರಣ. ಎರಡನೆಯದಕ್ಕೆ ಮುಖ್ಯ ಕಾರಣ 1965ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಗುರುತಿಸಲಾದ ಆಕ್ರಟಾಕ್ಸಿನ್-ಎ ಎಂದು 1970ರ ದಶಕದಲ್ಲಿ ಪಾಲೆ ಕ್ರೋಗ್ ತೋರಿಸಿದರು. ಇಷ್ಟರಲ್ಲಿ ಯಾರದೂ ತಕರಾರಿಲ್ಲ.

ತಕರಾರು ಶುರುವಾಗುವುದು ಕ್ಲೈಡ್ ಕ್ರಿಸ್ಟೆನ್‌ಸೆನ್ ಮತ್ತು ಕಾಫ್‌ಮನ್ ಅವರ ವಿಂಗಡಣೆಯಿಂದ. ಧಾನ್ಯ ಸಂಗ್ರಹಣೆಯ ಬಗ್ಗೆ ಇವರು 1969ರಲ್ಲಿ ಮಿನೆಸೋಟಾದಿಂದ ಹೊರತಂದ ಗ್ರಂಥ ಶಿಲೀಂಧ್ರಗಳನ್ನು ‘ಹೊಲದವು’, ‘ದಾಸ್ತಾನಿನವು’ ಎಂದು ಎರಡು ಪಾಲು ಮಾಡಿತು. ಹೊಲದವಕ್ಕೆ ಶೇ. 22–25ರಷ್ಟು ತೇವಾಂಶ ಬೇಕು, ದಾಸ್ತಾನಿನವು ಶೇ. 13–18ರಲ್ಲೂ ಬೆಳೆಯುತ್ತವೆ. ಆಸ್ಪರ್ಜಿಲಸ್, ಪೆನಿಸಿಲಿಯಂ ಗುಂಪುಗಳು ಎರಡನೆಯ ಪಾಲಿಗೆ ಬಂದವು. ಬಹಳ ಉಪಯುಕ್ತವಾದ ವಿಂಗಡಣೆ ಇದು. ಆದರೆ ಇದರ ನೆರಳಿನಲ್ಲಿ ಬೆಳೆದ ತಿಳಿವಳಿಕೆಯೊಂದನ್ನು ನಾನು ಒಪ್ಪಲಾರೆ. ಕಣಜದಲ್ಲಿ ಧಾನ್ಯ ಕಳೆದ ಕಾಲ ಹೆಚ್ಚಿದಷ್ಟೂ ವಿಷ ಹೆಚ್ಚುತ್ತದೆ, ಆದ್ದರಿಂದ ಹಂದಿಯ ಮಟ್ಟಿಗೆ ಧಾನ್ಯದ ವಯಸ್ಸೇ ಅಳತೆಗೋಲು ಎಂಬುದು ಆ ತಿಳಿವಳಿಕೆ.

ಮೊದಲು ಜಾರ್ಜಿಯಾ ರಾಜ್ಯದ ಪ್ರಕರಣ ನೋಡಬಹುದು. 1953ರಲ್ಲಿ ಸಿಪ್ಪೆಲ್ ಮತ್ತು ಸಂಗಡಿಗರು ವರದಿ ಮಾಡಿದ ಹಂದಿಗಳ ಸಾವಿಗೆ ಕಾರಣವಾದ ಬೂಷ್ಟು ಜೋಳವನ್ನು ಅವು ಮೇದದ್ದು ಹೊಲದಲ್ಲಿಯೇ. ಅಂಥ ವಿಷಕಾರಿ ಜೋಳದಿಂದ 1957ರಲ್ಲಿ ಬೇರ್ಪಡಿಸಿದ ಶಿಲೀಂಧ್ರಗಳಲ್ಲಿ ಒಂದು ಆಸ್ಪರ್ಜಿಲಸ್ ಫ್ಲೇವಸ್. ದಾಸ್ತಾನಿನದೆಂದು ಪಟ್ಟಿಯಾದ ಶಿಲೀಂಧ್ರ ಕಣಜವನ್ನೇ ಕಾಣದ ತೆನೆಯಲ್ಲಿ ಕೂತಿತ್ತು. ಮೆಕ್ಕೆಜೋಳಕ್ಕೆ ಈ ಶಿಲೀಂಧ್ರದ ವಿಷವಾದ ಅಫ್ಲಾಟಾಕ್ಸಿನ್ ಹೊಲದಲ್ಲೇ ತಗಲುತ್ತದೆ ಎಂಬುದು 1970ರ ದಶಕದ ಸಮೀಕ್ಷೆಗಳಿಂದ ಖಚಿತವಾಯಿತು.

ಜಿಯರಾಲೆನೋನ್‌ನದು ಇದಕ್ಕೆ ತಿರುಗುಮುರುಗಾದ ಒಗಟು. ಫ್ಯುಸೇರಿಯಂ ಹೊಲದ ಶಿಲೀಂಧ್ರ. ಆದರೂ ವಿಷ ಸಿಗುತ್ತಿದ್ದದ್ದು ಕಣಜದ ಜೋಳದಲ್ಲಿ. ಇದಕ್ಕೆ ಉತ್ತರ ಕೊಟ್ಟವರು ಕ್ರಿಸ್ಟೆನ್‌ಸೆನ್ನರ ಜೊತೆಗಾರ ಮಿರೋಚಾ ಮತ್ತು ಅವರ ಬಳಗವೇ. ಶಿಲೀಂಧ್ರ ಮೊದಲು ಬೆಚ್ಚಗಿನಲ್ಲಿ ಬೆಳೆದು, ಬಳಿಕ 12–14 ಡಿಗ್ರಿ ಸೆಲ್ಸಿಯಸ್‌ ತಂಪಿಗೆ ಸಿಕ್ಕಾಗ ವಿಷ ಹೇರಳವಾಗಿ ಹುಟ್ಟುತ್ತದೆ. ಅಮೆರಿಕದ ರೈತ ಶರತ್ಕಾಲದಲ್ಲಿ ಹಸಿ ತೆನೆಗಳನ್ನು ಹಲಗೆಸಂದಿಯ ಕಣಜಕ್ಕೆ ತುಂಬಿದರೆ ಆಗುತ್ತಿದ್ದದ್ದೂ ಇದೇ. ಶಿಲೀಂಧ್ರದ ಮಟ್ಟಿಗೆ ಆ ಕಣಜ ಹೊಲದ ಮುಂದುವರಿಕೆ. ತೆನೆ ಒಣಗಿದ ಮೇಲೆ ಹುಟ್ಟಿದ ವಿಷ ಉಳಿಯುತ್ತದೆ, ಹೊಸದು ಸೇರುವುದಿಲ್ಲ. ಹಾಗಾದರೆ ಎರಡನೆಯ ವರ್ಷದ ಜೋಳ ಮೊದಲ ವರ್ಷದ್ದಕ್ಕಿಂತ ಹೆಚ್ಚು ಅಪಾಯಕಾರಿ ಎನ್ನಲು ಈ ಅಂಶವೊಂದರಿಂದಲೇ ಕಾರಣ ಸಿಗುವುದಿಲ್ಲ.

ಡೆನ್ಮಾರ್ಕಿನ ಸಾಕ್ಷ್ಯ ನನ್ನ ವಾದಕ್ಕೆ ನಿಜವಾದ ಸವಾಲು. ಅಲ್ಲಿ ಆಕ್ರಟಾಕ್ಸಿನ್ ತಯಾರಿಸುವ ಪೆನಿಸಿಲಿಯಂ ವೆರ‍್ರುಕೋಸಂ ನಿಸ್ಸಂದೇಹವಾಗಿ ದಾಸ್ತಾನಿನದು. ಆದರೆ ಮೂತ್ರಪಿಂಡದ ರೋಗ ಏರುತ್ತಿದ್ದದ್ದು ಕೊಯ್ಲು ಮಳೆಗೆ ಸಿಕ್ಕ ವರ್ಷಗಳ ಬೆನ್ನಲ್ಲಿ. ಕೊಯ್ಲಿಗೂ ಒಣಗಿಸುವುದಕ್ಕೂ ನಡುವಿನ ಅವಧಿಯೇ ನಿರ್ಣಾಯಕವೆಂದು ಇದರಿಂದ ಊಹಿಸುತ್ತೇನೆ. ಊಹೆ ಎನ್ನುವುದಕ್ಕೆ ಕಾರಣವಿದೆ: ಈ ರೋಗ ನಿಧಾನವಾಗಿ ಬಲಿಯುವಂಥದು, ಕಸಾಯಿಖಾನೆಯಲ್ಲಿ ಕಂಡ ಮೂತ್ರಪಿಂಡ ಯಾವ ತಿಂಗಳ ಬಾರ್ಲಿಯ ಫಲವೆಂದು ಹೇಳಲಾಗದು.

ಆದ್ದರಿಂದ ನನ್ನ ವಾದವನ್ನು ಇಷ್ಟಕ್ಕೇ ಮಿತಿಗೊಳಿಸುತ್ತೇನೆ: ಶೇ. 13ಕ್ಕಿಂತ ಕಡಿಮೆ ತೇವಾಂಶದಲ್ಲಿ ಒಳಗೆ ಹೋಗಿ, ಹಾಗೆಯೇ ಉಳಿದ ಧಾನ್ಯದಲ್ಲಿ ವಯಸ್ಸು ವಿಷದ ಕಾರಣವಲ್ಲ. ‘ಹಾಗೆಯೇ ಉಳಿದ’ ಎಂಬ ಷರತ್ತು ಸಣ್ಣದಲ್ಲ. ಚಾವಣಿ ಸೋರಬಹುದು; ಹುಳುಗಳ ಉಸಿರಾಟದಿಂದ ಬಿಸಿಯೂ ತೇವವೂ ಏರಬಹುದು; ಲೋಹದ ಗೂಡುಗಳಲ್ಲಿ ಋತು ಬದಲಾದಾಗ ಒಳಗಿನ ಗಾಳಿ ತೇವವನ್ನು ಬೆಚ್ಚಗಿನ ಕಡೆಯಿಂದ ತಣ್ಣಗಿನ ಕಡೆಗೆ ಸಾಗಿಸುತ್ತದೆ. ವರ್ಷಗಳು ಕಳೆದಷ್ಟೂ ಇಂಥ ಅನಾಹುತಗಳ ಸಂಭವ ಹೆಚ್ಚು. ಆ ಅರ್ಥದಲ್ಲಿ ವಯಸ್ಸು ಅಪಾಯದ ಸೂಚಕ ಎಂಬುದನ್ನು ಒಪ್ಪುತ್ತೇನೆ. ನಮ್ಮ ನೆಲದ ಹಗೇವುಗಳಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದದ್ದು ಒಣ ಕಾಳು ಮತ್ತು ಆಮ್ಲಜನಕ ಕುಗ್ಗಿದ ಗಾಳಿಯಿಂದ. ಇನ್ನೊಂದು ಕಡೆ, 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಜನರ ಹೊಟ್ಟೆ ಕೆಡಿಸಿದ ಫ್ಯುಮೋನಿಸಿನ್ ಎಂಬ ಶಿಲೀಂಧ್ರ ವಿಷ ಬಂದದ್ದು ಮಳೆಗೆ ಸಿಕ್ಕ ಜೋಳ, ಮೆಕ್ಕೆಜೋಳದಿಂದ.

ವಯಸ್ಸು ನೇರವಾಗಿ ಹಾನಿ ಮಾಡುವ ಒಂದು ಜಾಗವುಂಟು. ಒಣ ಮೆಕ್ಕೆಜೋಳದಲ್ಲೂ ಕೆರೋಟಿನ್ ಮತ್ತು ವಿಟಮಿನ್-ಇ ಕಾಲಕ್ರಮೇಣ ಕ್ಷೀಣಿಸುತ್ತವೆ, ಕೊಬ್ಬು ಮುಗ್ಗುತ್ತದೆ. ಸೆಲೆನಿಯಂ ಸಹ ಸಾಲದಿದ್ದರೆ ಬೆಳೆಯುವ ಹಂದಿ ಹೃದಯ, ಯಕೃತ್ತಿನ ರೋಗದಿಂದ ಹಠಾತ್ತನೆ ಸಾಯುತ್ತದೆ. ಹಸಿ ಬಾರ್ಲಿಗೆ ಪ್ರೊಪಿಯಾನಿಕ್ ಆಮ್ಲ ಬೆರೆಸಿಟ್ಟರೆ ಈ ವಿಟಮಿನ್ ಕೆಲವೇ ತಿಂಗಳಲ್ಲಿ ಬಹುಪಾಲು ಹೋಗುತ್ತದೆ. ಇಲ್ಲೂ ತೇವದ ಕೈವಾಡವಿದೆ. ಆದರೆ ಈ ಕೊರತೆಯನ್ನು ಮೇವಿಗೆ ಬೆರೆಸುವ ಪುಡಿಯಿಂದ ತುಂಬಬಹುದು. ಹುಟ್ಟಿದ ಜಿಯರಾಲೆನೋನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಪ್ರಾಯಕ್ಕೆ ಬಾರದ ಹೆಣ್ಣು ಹಂದಿಗಳ ಮೇವಿನಲ್ಲಿ ಅದು ಕಿಲೋಗೆ 0.1 ಮಿಲಿಗ್ರಾಂ ಮೀರಬಾರದೆಂದು ಐರೋಪ್ಯ ಒಕ್ಕೂಟದ 2006ರ ಮಾರ್ಗಸೂಚಿ ಹೇಳುತ್ತದೆ.

ಇತ್ಯರ್ಥವಾಗದೆ ಉಳಿಯುವ ಪ್ರಶ್ನೆಗಳು ಎರಡು. ಮಿತಿಯೊಳಗಿನ ಹಲವು ವಿಷಗಳು ಒಂದೇ ಮೇವಿನಲ್ಲಿ ಕೂಡಿದಾಗ ಮಿತಿ ಎಲ್ಲಿಗೆ ಇಳಿಯಬೇಕು ಎಂಬುದು ಒಂದು. ಮೇಲೆ ನೋಡಿದ ಸಾಕ್ಷ್ಯದ ಬಹುಪಾಲು ಚಳಿನಾಡುಗಳದು. ಕರಾವಳಿಯಂಥ ಸೆಕೆ ಮತ್ತು ತೇವದ ಹವೆಯಲ್ಲಿ ‘ಒಣಗಿದಂತೆಯೇ ಉಳಿಯುವುದು’ ಎಷ್ಟು ಮಳೆಗಾಲಗಳವರೆಗೆ ಸಾಧ್ಯ ಎಂಬುದು ಇನ್ನೊಂದು.