ಮಲಕ್ಕಾದಿಂದ ಪೆನಾಂಗಿಗೆ: ಎರಡು ಕೋಟೆಗಳ ಕಥೆ

ಮಲೇಷ್ಯಾದ ಮಲಕ್ಕಾದಿಂದ ಪೆನಾಂಗ್ ದ್ವೀಪಕ್ಕೆ ಸುಮಾರು 500 ಕಿ.ಮೀ. ಗಂಡ ಹೆಂಡತಿ ಸರದಿಯಂತೆ ಕಾರು ಓಡಿಸಿದರೆ ಒಂದೇ ದಿನದ ಹಾದಿ. ನಾವು ಮಲಕ್ಕಾದಲ್ಲೇ ಎರಡು ದಿನ ನಿಂತುಬಿಟ್ಟೆವು.

ಗೋವಾ ಗೆದ್ದ ಮರುವರ್ಷ, 1511ರಲ್ಲಿ, ಪೋರ್ಚುಗೀಸರ ಅಲ್ಬುಕರ್ಕ್ ಈ ಬಂದರನ್ನು ಹಿಡಿದು ಕೋಟೆ ಕಟ್ಟಿಸಿದ. 1641ರಲ್ಲಿ ಅದು ಡಚ್ಚರ ಪಾಲಾಯಿತು. ಮತ್ತೊಬ್ಬರ ಕೈಗೆ ಸಿಕ್ಕೀತೆಂದು ಬ್ರಿಟಿಷರು 1807ರಲ್ಲಿ ಮದ್ದಿಟ್ಟು ಉರುಳಿಸಿದರು. ಉಳಿದದ್ದು ಒಂದು ಹೆಬ್ಬಾಗಿಲು. ಹಿಂದಿನ ಗುಡ್ಡದ ಮೇಲೆ ಸೂರಿಲ್ಲದ ಚರ್ಚು, ಅದರೊಳಗೊಂದು ಬರಿದಾದ ಸಮಾಧಿ. 1553ರಲ್ಲಿ ಇಲ್ಲಿ ಹೂಳಿದ್ದ ಸಂತ ಫ್ರಾನ್ಸಿಸ್ ಝೇವಿಯರರ ದೇಹವನ್ನು ಆಮೇಲೆ ಗೋವಾಕ್ಕೆ ಒಯ್ದರು. ‘ಹಳೆ ಗೋವಾದಲ್ಲಿ ನಾವು ನೋಡಿದ್ದು ಇವರನ್ನೇ ಅಲ್ಲವೇನ್ರೀ?’ ಎಂದಳು ನನ್ನಾಕೆ.

ಸೇತುವೆ ದಾಟಿ ದ್ವೀಪದ ಜಾರ್ಜ್ ಟೌನ್ ಸೇರಿದರೆ ಅಲ್ಲೂ ಒಂದು ಕೋಟೆ. ಹೆಸರು ಕಾರ್ನ್‌ವಾಲಿಸ್! 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಅದೇ ಕಾರ್ನ್‌ವಾಲಿಸ್. ಈ ಕೋಟೆ ಒಂದು ಯುದ್ಧವನ್ನೂ ಕಂಡದ್ದಲ್ಲ. ಗೋಡೆಗಳು ಇನ್ನೂ ನಿಂತಿವೆ.