ವಿಧಾನಸಭಾ ಕ್ಷೇತ್ರ ಮತ್ತು ಶಾಸಕರು: ಹೊರರಾಜ್ಯದ ಕನ್ನಡಿಗರು ತಿಳಿದಿರಬೇಕಾದ ಸಂಗತಿಗಳು

ಕರ್ನಾಟಕದಲ್ಲಿ ಚುನಾವಣೆ ಘೋಷಣೆಯಾದರೆ ಮುಂಬೈ, ಪುಣೆ, ಹೈದರಾಬಾದ್‌ಗಳಿಂದ ಊರಿಗೆ ಹೊರಡುವ ಬಸ್ಸು, ರೈಲುಗಳು ತುಂಬಿಹೋಗುತ್ತವೆ. ಇಪ್ಪತ್ತು ವರ್ಷದಿಂದ ಹೊರರಾಜ್ಯದಲ್ಲಿದ್ದರೂ ಹಲವರ ಹೆಸರು ಇನ್ನೂ ಊರಿನ ಮತದಾರರ ಪಟ್ಟಿಯಲ್ಲೇ ಇರುತ್ತದೆ. ಇನ್ನು ಕೆಲವರ ಹೆಸರು ಎರಡೂ ಕಡೆ ಇರುತ್ತದೆ, ಮತ್ತೆ ಕೆಲವರದ್ದು ಎಲ್ಲಿಯೂ ಇರುವುದಿಲ್ಲ. ಹಾಗಾದರೆ ನಿಮ್ಮ ಶಾಸಕರು ಯಾರು? ಊರಿನವರೋ, ಈಗ ನೀವು ಬಾಡಿಗೆ ಕಟ್ಟಿಕೊಂಡಿರುವ ಬಡಾವಣೆಯವರೋ? ಕ್ಷೇತ್ರಗಳು ಹೇಗೆ ರಚನೆಯಾಗುತ್ತವೆ, ಶಾಸಕರ ಕೆಲಸವೇನು, ನಿಮ್ಮ ಮತ ಎಲ್ಲಿರಬೇಕು ಎಂಬ ವಿವರ ಇಲ್ಲಿದೆ.

ಯಾವ ರಾಜ್ಯದಲ್ಲಿ ಎಷ್ಟು ಕ್ಷೇತ್ರ?

ಸಂವಿಧಾನದ 170ನೇ ವಿಧಿಯ ಪ್ರಕಾರ ರಾಜ್ಯದ ವಿಧಾನಸಭೆಯಲ್ಲಿ 60ಕ್ಕಿಂತ ಕಡಿಮೆ, 500ಕ್ಕಿಂತ ಹೆಚ್ಚು ಚುನಾಯಿತ ಸದಸ್ಯರು ಇರುವಂತಿಲ್ಲ. ಗೋವಾ, ಸಿಕ್ಕಿಂ, ಮಿಜೋರಾಂನಂಥ ಸಣ್ಣ ರಾಜ್ಯಗಳಿಗೆ ವಿನಾಯಿತಿ ಇದೆ. ಒಂದು ಕ್ಷೇತ್ರಕ್ಕೆ ಒಬ್ಬರೇ ಶಾಸಕರು, ಅವಧಿ 5 ವರ್ಷ. ಸ್ಪರ್ಧಿಸಲು ಕನಿಷ್ಠ 25 ವರ್ಷ ತುಂಬಿರಬೇಕು.

ಪ್ರತಿ ಲೋಕಸಭಾ ಕ್ಷೇತ್ರದೊಳಗೆ ನಿಗದಿತ ಸಂಖ್ಯೆಯ ವಿಧಾನಸಭಾ ಕ್ಷೇತ್ರಗಳು ಬರುತ್ತವೆ. ಈ ಲೆಕ್ಕ ನೆನಪಿಟ್ಟುಕೊಳ್ಳುವುದು ಸುಲಭ:

* ಕರ್ನಾಟಕ: 28 ಲೋಕಸಭಾ ಕ್ಷೇತ್ರ, ತಲಾ 8ರಂತೆ 224 ವಿಧಾನಸಭಾ ಕ್ಷೇತ್ರ
* ಮಹಾರಾಷ್ಟ್ರ: 48 ಲೋಕಸಭಾ ಕ್ಷೇತ್ರ, ತಲಾ 6ರಂತೆ 288
* ತಮಿಳುನಾಡು: 39 ಲೋಕಸಭಾ ಕ್ಷೇತ್ರ, ತಲಾ 6ರಂತೆ 234
* ತೆಲಂಗಾಣ: 17 ಲೋಕಸಭಾ ಕ್ಷೇತ್ರ, ತಲಾ 7ರಂತೆ 119
* ಕೇರಳ: 20 ಲೋಕಸಭಾ ಕ್ಷೇತ್ರ, ತಲಾ 7ರಂತೆ 140
* ದೆಹಲಿ: 7 ಲೋಕಸಭಾ ಕ್ಷೇತ್ರ, ತಲಾ 10ರಂತೆ 70

ಮುಂಬೈ ಮಹಾನಗರದಲ್ಲಿ ಒಟ್ಟು 36 ವಿಧಾನಸಭಾ ಕ್ಷೇತ್ರಗಳಿವೆ. ಇದರಲ್ಲಿ ಮುಂಬೈ ನಗರ ಜಿಲ್ಲೆಯ ಪಾಲು 10, ಉಪನಗರ ಜಿಲ್ಲೆಯ ಪಾಲು 26. ಪುಣೆ ಜಿಲ್ಲೆಯಲ್ಲಿ 21, ಹೈದರಾಬಾದ್ ಜಿಲ್ಲೆಯಲ್ಲಿ 15 ಕ್ಷೇತ್ರಗಳಿವೆ.

ಗಡಿ ಗೆರೆ ಎಳೆಯುವವರು ಯಾರು?

ಕ್ಷೇತ್ರದ ಗಡಿಯನ್ನು ರಾಜ್ಯ ಸರ್ಕಾರ ನಿರ್ಧರಿಸುವುದಿಲ್ಲ. ಸಂಸತ್ತಿನ ಕಾಯ್ದೆಯಡಿ ರಚನೆಯಾಗುವ ಕ್ಷೇತ್ರ ಮರುವಿಂಗಡಣಾ ಆಯೋಗ ಈ ಕೆಲಸ ಮಾಡುತ್ತದೆ. 1952, 1962, 1972 ಮತ್ತು 2002ರ ಕಾಯ್ದೆಗಳಡಿ ಈವರೆಗೆ ನಾಲ್ಕು ಬಾರಿ ದೇಶವ್ಯಾಪಿ ಆಯೋಗಗಳು ರಚನೆಯಾಗಿವೆ. ಒಂದು ರಾಜ್ಯದೊಳಗಿನ ಎಲ್ಲ ಕ್ಷೇತ್ರಗಳ ಜನಸಂಖ್ಯೆ ಸಾಧ್ಯವಾದಷ್ಟು ಸಮನಾಗಿರಬೇಕು ಎಂಬುದು ಮೂಲ ತತ್ವ.

ಕರ್ನಾಟಕದ ಸ್ಥಾನಗಳ ಸಂಖ್ಯೆ 1957ರಲ್ಲಿ 208 ಇತ್ತು. 1967ರಲ್ಲಿ 216 ಆಯಿತು. 1978ರ ಚುನಾವಣೆಯಿಂದ ಇಂದಿನವರೆಗೂ 224ರಲ್ಲೇ ನಿಂತಿದೆ. 1976ರ 42ನೇ ತಿದ್ದುಪಡಿ ಸ್ಥಾನಗಳ ಸಂಖ್ಯೆಯನ್ನು 1971ರ ಜನಗಣತಿಗೆ ಕಟ್ಟಿಹಾಕಿದ್ದೇ ಇದಕ್ಕೆ ಕಾರಣ. ಜನಸಂಖ್ಯೆ ನಿಯಂತ್ರಿಸಿದ ರಾಜ್ಯಗಳಿಗೆ ನಷ್ಟವಾಗಬಾರದು ಎಂಬುದು ಇದರ ಹಿಂದಿದ್ದ ಉದ್ದೇಶ. 84ನೇ ತಿದ್ದುಪಡಿ ಈ ತಡೆಯನ್ನು 2026ರ ನಂತರದ ಮೊದಲ ಜನಗಣತಿವರೆಗೆ ವಿಸ್ತರಿಸಿತು.

ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ 2001ರ ಜನಗಣತಿ ಆಧರಿಸಿ ಗಡಿಗಳನ್ನಷ್ಟೇ ಬದಲಿಸಿತು, ರಾಜ್ಯಗಳ ಒಟ್ಟು ಸಂಖ್ಯೆಯನ್ನು ಮುಟ್ಟಲಿಲ್ಲ. ಹೊಸ ಗಡಿಗಳ ಆಧಾರದಲ್ಲಿ ಮೊದಲು ಚುನಾವಣೆ ನಡೆದ ರಾಜ್ಯ ಕರ್ನಾಟಕ, 2008ರ ಮೇ ತಿಂಗಳಲ್ಲಿ. ಆಗ ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರಗಳು 33ರಿಂದ 36ಕ್ಕೆ, ಪರಿಶಿಷ್ಟ ಪಂಗಡದ ಕ್ಷೇತ್ರಗಳು 2ರಿಂದ 15ಕ್ಕೆ ಏರಿದವು. ಬೆಂಗಳೂರು ನಗರದ ಕ್ಷೇತ್ರಗಳು 28 ಆದವು. ಹಲವು ಹಳೆಯ ಕ್ಷೇತ್ರಗಳು ನಕ್ಷೆಯಿಂದಲೇ ಮರೆಯಾದವು. ಇವುಗಳಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯೂ ಒಂದು. ಆಯೋಗದ ಆದೇಶ ಒಮ್ಮೆ ಪ್ರಕಟವಾದರೆ ಅದಕ್ಕೆ ಕಾನೂನಿನ ಬಲ ಇರುತ್ತದೆ. ಸಂಸತ್ತು, ವಿಧಾನಸಭೆಗಳ ಮುಂದೆ ಮಂಡಿಸಿದರೂ ಅದನ್ನು ತಿದ್ದುವಂತಿಲ್ಲ.

ಹಿಂದಿನ ಮರುವಿಂಗಡಣೆಯ ಹೊತ್ತಿಗಿದ್ದ ಸಮತೋಲನ ಈಗ ಉಳಿದಿಲ್ಲ. 2001ರ ಜನಗಣತಿಯಂತೆ ಕರ್ನಾಟಕದ ಒಂದು ಕ್ಷೇತ್ರಕ್ಕೆ ಸರಾಸರಿ 2.36 ಲಕ್ಷ ಜನರಿದ್ದರು. 2011ರ ಲೆಕ್ಕದಲ್ಲಿ ಅದು 2.73 ಲಕ್ಷ. ಆದರೆ ಸರಾಸರಿಯಲ್ಲಿ ಅಸಲಿ ಚಿತ್ರ ಕಾಣುವುದಿಲ್ಲ. 2023ರ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರದಲ್ಲಿ 6 ಲಕ್ಷಕ್ಕೂ ಹೆಚ್ಚು ಮತದಾರರಿದ್ದರೆ, ಮಲೆನಾಡಿನ ಶೃಂಗೇರಿಯಲ್ಲಿ 2 ಲಕ್ಷಕ್ಕಿಂತ ಕಡಿಮೆ ಇದ್ದರು. ಎರಡೂ ಕಡೆಯಿಂದ ವಿಧಾನಸೌಧಕ್ಕೆ ಹೋಗುವುದು ತಲಾ ಒಬ್ಬರೇ ಶಾಸಕರು.

ಮುಂದಿನ ಮರುವಿಂಗಡಣೆಗೆ ಇನ್ನೊಂದು ಮಹತ್ವವೂ ಇದೆ. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದರಷ್ಟು ಸ್ಥಾನ ಮೀಸಲಿಡುವ 2023ರ 106ನೇ ತಿದ್ದುಪಡಿ, ಆ ಮೀಸಲಾತಿಯನ್ನು ಜನಗಣತಿ ಹಾಗೂ ಅದರ ಬೆನ್ನಿಗೆ ನಡೆಯುವ ಮರುವಿಂಗಡಣೆಗೆ ಜೋಡಿಸಿತು.

ಶಾಸಕರ ಕೆಲಸ ಏನು?

ಬೀದಿದೀಪ, ಕಸ, ಚರಂಡಿಗೂ ಶಾಸಕರ ಮನೆ ಬಾಗಿಲು ತಟ್ಟುವುದು ನಮ್ಮಲ್ಲಿ ರೂಢಿ. ನಿಯಮದ ಪ್ರಕಾರ ಅದು ನಗರಪಾಲಿಕೆ ಸದಸ್ಯರ ಅಥವಾ ಗ್ರಾಮ ಪಂಚಾಯಿತಿಯ ಹೊಣೆ. ರೈಲ್ವೆ, ಪಾಸ್‌ಪೋರ್ಟ್, ದೂರಸಂಪರ್ಕ ಸಂಸದರ ವ್ಯಾಪ್ತಿ. ಪೊಲೀಸ್, ಭೂ ದಾಖಲೆ, ಸರ್ಕಾರಿ ಆಸ್ಪತ್ರೆ, ನೀರಾವರಿ, ಕೃಷಿ, ರಾಜ್ಯ ಹೆದ್ದಾರಿಯಂಥ ವಿಷಯಗಳು ರಾಜ್ಯ ಸರ್ಕಾರಕ್ಕೆ ಸೇರಿದವು. ಇವುಗಳ ಬಗ್ಗೆ ಶಾಸನ ಮಾಡುವುದು, ಬಜೆಟ್‌ಗೆ ಒಪ್ಪಿಗೆ ಕೊಡುವುದು, ಸಚಿವರನ್ನು ಪ್ರಶ್ನಿಸುವುದು ಶಾಸಕರ ನಿಜವಾದ ಕೆಲಸ.

ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಉತ್ತರಿಸಬೇಕು, ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ನಿಮ್ಮ ಬಡಾವಣೆಯ ಸಮಸ್ಯೆಯನ್ನು ದಾಖಲೆ ಸಮೇತ ಶಾಸಕರಿಗೆ ಕೊಟ್ಟರೆ ಅದು ಸದನದ ಪ್ರಶ್ನೆಯಾಗಬಹುದು. ಇದಲ್ಲದೆ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಇದೆ. ಇದರ ಮೊತ್ತ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕಾಮಗಾರಿಯನ್ನು ಶಾಸಕರು ಶಿಫಾರಸು ಮಾಡಬಹುದು, ಹಣ ಬಿಡುಗಡೆ ಮಾಡುವುದು ಜಿಲ್ಲಾಡಳಿತ.

ದೆಹಲಿಯ ಕನ್ನಡಿಗರು ಒಂದು ವ್ಯತ್ಯಾಸ ಗಮನಿಸಬೇಕು. 1991ರ 69ನೇ ತಿದ್ದುಪಡಿಯಿಂದ ಬಂದ 239ಎಎ ವಿಧಿಯಂತೆ ಅಲ್ಲಿನ ವಿಧಾನಸಭೆಗೆ ಪೊಲೀಸ್, ಸಾರ್ವಜನಿಕ ಸುವ್ಯವಸ್ಥೆ ಮತ್ತು ಭೂಮಿಯ ಮೇಲೆ ಅಧಿಕಾರವಿಲ್ಲ. ಪೊಲೀಸ್ ಠಾಣೆಯ ದೂರು ಹಿಡಿದು ದೆಹಲಿಯ ಶಾಸಕರ ಬಳಿ ಹೋದರೆ ಅವರು ಕೇಂದ್ರಕ್ಕೆ ಪತ್ರ ಬರೆಯಬಹುದಷ್ಟೇ.

ರಾಷ್ಟ್ರಪತಿ ಚುನಾವಣೆಯಲ್ಲೂ ಶಾಸಕರು ಮತದಾರರು. ಅವರ ಮತಮೌಲ್ಯವನ್ನು ಈಗಲೂ 1971ರ ಜನಸಂಖ್ಯೆಯ ಮೇಲೆ ಲೆಕ್ಕ ಹಾಕಲಾಗುತ್ತದೆ. 2022ರ ಚುನಾವಣೆಯಲ್ಲಿ ಕರ್ನಾಟಕದ ಶಾಸಕರ ಮತಮೌಲ್ಯ 131, ಮಹಾರಾಷ್ಟ್ರದ್ದು 175, ತಮಿಳುನಾಡಿನದ್ದು 176, ತೆಲಂಗಾಣದ್ದು 132, ದೆಹಲಿಯದ್ದು 58 ಇತ್ತು.

ಶಾಸಕರು ಸ್ಥಾನ ಕಳೆದುಕೊಳ್ಳುವುದು ಯಾವಾಗ?

* ಗೆದ್ದ ಪಕ್ಷವನ್ನು ಸ್ವಇಚ್ಛೆಯಿಂದ ತೊರೆದರೆ ಅಥವಾ ವಿಪ್ ಉಲ್ಲಂಘಿಸಿದರೆ 1985ರ ಪಕ್ಷಾಂತರ ನಿಷೇಧ ಕಾನೂನಿನಡಿ ಸ್ಪೀಕರ್ ಅನರ್ಹಗೊಳಿಸಬಹುದು. 2019ರಲ್ಲಿ ಕರ್ನಾಟಕದ 17 ಶಾಸಕರು ಹೀಗೆ ಅನರ್ಹರಾದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಉಪಚುನಾವಣೆಯಲ್ಲಿ ಸ್ಪರ್ಧಿಸಲು ಅವಕಾಶ ಕೊಟ್ಟಿತು.
* ಅಪರಾಧ ಪ್ರಕರಣದಲ್ಲಿ 2 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾದರೆ ಸ್ಥಾನ ಹೋಗುತ್ತದೆ.
* ಸದನದ ಅನುಮತಿ ಇಲ್ಲದೆ 60 ದಿನ ಗೈರಾದರೆ ಸದನವು ಸ್ಥಾನ ತೆರವಾಗಿದೆ ಎಂದು ಘೋಷಿಸಬಹುದು.

ಸ್ಥಾನ ತೆರವಾದರೆ ಸಾಮಾನ್ಯವಾಗಿ 6 ತಿಂಗಳೊಳಗೆ ಉಪಚುನಾವಣೆ ನಡೆಯಬೇಕು. ಅವಧಿ ಮುಗಿಯಲು ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಈ ಕಡ್ಡಾಯ ಇಲ್ಲ.

ನಿಮ್ಮ ಮತ ಊರಲ್ಲೋ, ಈಗಿರುವ ನಗರದಲ್ಲೋ?

1950ರ ಪ್ರಜಾಪ್ರತಿನಿಧಿ ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ನೀವು ಸಾಮಾನ್ಯವಾಗಿ ವಾಸ ಮಾಡುವ ಕ್ಷೇತ್ರದಲ್ಲೇ ಹೆಸರು ಇರಬೇಕು. ಊರಲ್ಲಿ ಸ್ವಂತ ಮನೆ, ಜಮೀನು ಇದೆ ಎಂಬ ಒಂದೇ ಕಾರಣಕ್ಕೆ ಅಲ್ಲಿನ ಮತದಾರ ಆಗುವುದಿಲ್ಲ. ಹಾಗೆಯೇ ಕೆಲದಿನ ಬೇರೆ ಕಡೆ ಹೋಗಿದ್ದ ಮಾತ್ರಕ್ಕೆ ಊರಿನ ಹಕ್ಕು ತಪ್ಪುವುದೂ ಇಲ್ಲ. ಒಂದಕ್ಕಿಂತ ಹೆಚ್ಚು ಕಡೆ ಹೆಸರು ಇರುವಂತಿಲ್ಲ. ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ ಆಗಬಹುದು.

2025ರಲ್ಲಿ ಬಿಹಾರದಿಂದ ಆರಂಭವಾಗಿ ತಮಿಳುನಾಡು, ಕೇರಳ ಸೇರಿ ಹಲವೆಡೆ ನಡೆದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಯಲ್ಲಿ ಸ್ಥಳಾಂತರಗೊಂಡವರ ಮತ್ತು ಎರಡು ಕಡೆ ನೋಂದಾಯಿಸಿಕೊಂಡವರ ಹೆಸರುಗಳನ್ನು ತೆಗೆಯಲಾಯಿತು. ಹೀಗಾಗಿ ಎರಡು ದೋಣಿಯಲ್ಲಿ ಕಾಲಿಟ್ಟವರು ಕೊನೆಗೆ ಎರಡೂ ಕಡೆ ಮತ ಕಳೆದುಕೊಳ್ಳುವ ಅಪಾಯವಿದೆ.

ಮಾಡಬೇಕಾದ್ದು ಇಷ್ಟು:

* ಮೊದಲ ಸಲ ನೋಂದಾಯಿಸುವವರು ನಮೂನೆ 6 ಸಲ್ಲಿಸಬೇಕು.
* ವಿಳಾಸ ಬದಲಾಗಿದ್ದರೆ, ಬೇರೆ ರಾಜ್ಯಕ್ಕೆ ಬಂದಿದ್ದರೂ, ನಮೂನೆ 8 ಸಾಕು. ಹಳೆಯ ಗುರುತಿನ ಚೀಟಿಯ ಸಂಖ್ಯೆ ಕೊಡಬೇಕು.
* ಹೆಸರು ತೆಗೆಸಲು ನಮೂನೆ 7.
* ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1: ಈ ನಾಲ್ಕು ದಿನಾಂಕಗಳಲ್ಲಿ ಯಾವುದಕ್ಕಾದರೂ 18 ತುಂಬಿದವರು ಅರ್ಹರು.
* ಕ್ಷೇತ್ರ, ಮತಗಟ್ಟೆ ತಿಳಿಯಲು ಚುನಾವಣಾ ಆಯೋಗದ ಜಾಲತಾಣ ಅಥವಾ ಸಹಾಯವಾಣಿ 1950 ಬಳಸಬಹುದು.

ಸ್ಪರ್ಧಿಸುವ ಆಸೆ ಇರುವವರಿಗೂ ಈ ನೋಂದಣಿ ಮುಖ್ಯ. ಲೋಕಸಭೆಯ ಸಾಮಾನ್ಯ ಕ್ಷೇತ್ರಕ್ಕೆ ದೇಶದ ಯಾವುದೇ ಕಡೆಯ ಮತದಾರ ಸ್ಪರ್ಧಿಸಬಹುದು. ವಿಧಾನಸಭೆಗೆ ಆಯಾ ರಾಜ್ಯದ ಮತದಾರನೇ ಆಗಿರಬೇಕು. ಅಂದರೆ ಮುಂಬೈ ಪಟ್ಟಿಯಲ್ಲಿರುವ ಕನ್ನಡಿಗರು ಬೀದರ್‌ನಿಂದ ಲೋಕಸಭೆಗೆ ನಿಲ್ಲಬಹುದು, ಆದರೆ ಕರ್ನಾಟಕದ ವಿಧಾನಸಭೆಗೆ ನಿಲ್ಲುವಂತಿಲ್ಲ.

ಪದವೀಧರರಿಗೆ ಇನ್ನೊಂದು ಮತ

ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರಪ್ರದೇಶ, ಉತ್ತರಪ್ರದೇಶ, ಬಿಹಾರಗಳಲ್ಲಿ ವಿಧಾನ ಪರಿಷತ್ ಇದೆ. ತಮಿಳುನಾಡಿನ ಮೇಲ್ಮನೆ 1986ರಲ್ಲಿ ರದ್ದಾಯಿತು. ಪರಿಷತ್ತಿಗೆ ಪದವೀಧರ ಕ್ಷೇತ್ರಗಳಿಂದಲೂ ಆಯ್ಕೆ ನಡೆಯುತ್ತದೆ. ಪದವಿ ಪಡೆದು ಮೂರು ವರ್ಷವಾದವರು ನಮೂನೆ 18ರಲ್ಲಿ ಅರ್ಜಿ ಹಾಕಬಹುದು. ಪದವಿ ಧಾರವಾಡದ್ದೋ ಮೈಸೂರಿನದ್ದೋ ಇದ್ದರೂ, ಪುಣೆಯಲ್ಲಿ ವಾಸವಿದ್ದರೆ ಪುಣೆ ಪದವೀಧರ ಕ್ಷೇತ್ರದಲ್ಲಿ ನೋಂದಾಯಿಸಬಹುದು. ಇದರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುವುದರಿಂದ, ಹಿಂದೆ ಹೆಸರಿತ್ತು ಎಂದು ಸುಮ್ಮನಿರುವಂತಿಲ್ಲ.

ಹೊರರಾಜ್ಯದ ಸದನದಲ್ಲಿ ಕನ್ನಡ

ಕನ್ನಡಿಗರ ಮತ ನಿರ್ಣಾಯಕವಾದ ಕ್ಷೇತ್ರಗಳು ಕರ್ನಾಟಕದ ಹೊರಗೂ ಇವೆ. ಮಹಾರಾಷ್ಟ್ರದ ಜತ್, ಅಕ್ಕಲಕೋಟೆ, ಕೇರಳದ ಮಂಜೇಶ್ವರ ಇದಕ್ಕೆ ಉದಾಹರಣೆ. 210ನೇ ವಿಧಿಯಂತೆ ಸದನದ ಕಲಾಪ ರಾಜ್ಯಭಾಷೆ, ಹಿಂದಿ ಅಥವಾ ಇಂಗ್ಲಿಷ್‌ನಲ್ಲಿ ನಡೆಯುತ್ತದೆ. ಇವುಗಳಲ್ಲಿ ಸರಿಯಾಗಿ ಮಾತನಾಡಲು ಆಗದ ಸದಸ್ಯರಿಗೆ ಮಾತೃಭಾಷೆ ಬಳಸಲು ಸ್ಪೀಕರ್ ಅನುಮತಿ ನೀಡಬಹುದು. 2021ರಲ್ಲಿ ಮಂಜೇಶ್ವರದಿಂದ ಗೆದ್ದ ಎ.ಕೆ.ಎಂ. ಅಶ್ರಫ್ ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ಸ್ವೀಕರಿಸಿದ್ದರು.

ಒಂದು ಮತದಿಂದ ಏನಾಗುತ್ತದೆ ಎನ್ನುವವರು ಇದೇ ಮಂಜೇಶ್ವರದ 2016ರ ಫಲಿತಾಂಶ ನೋಡಬಹುದು. ಅಲ್ಲಿ ಗೆಲುವಿನ ಅಂತರ ಬರೀ 89 ಮತ. ಬೆಂಗಳೂರಿನ ಜಯನಗರದಲ್ಲಿ 2023ರಲ್ಲಿ ಅಂತರ 16. ನಕ್ಷೆಯಿಂದ ಮರೆಯಾದ ಸಂತೇಮರಹಳ್ಳಿಯಲ್ಲಿ 2004ರಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಕೇವಲ ಒಂದು ಮತದಿಂದ. ಮುಂದಿನ ಚುನಾವಣೆ ನಿಮ್ಮ ಊರಲ್ಲಿರಲಿ, ನಗರದಲ್ಲಿರಲಿ, ಅಧಿಸೂಚನೆ ಬರುವ ಮೊದಲೇ ಪಟ್ಟಿಯಲ್ಲಿ ನಿಮ್ಮ ಹೆಸರು ಒಂದೇ ಕಡೆ, ಸರಿಯಾದ ಕಡೆ ಇದೆಯೇ ಎಂದು ಪರಿಶೀಲಿಸಿಕೊಳ್ಳಿ.